ಅತ್ತೆಯ ಓಟ, ಸೊಸೆಯ ಪ್ರೊಜೆಕ್ಟರ್

ಆ ಬೀದಿಯಲ್ಲಿ ಯಾರ ಮನೆಯ ಹೊಲಿಗೆ ಯಂತ್ರ ಮುನಿಸಿಕೊಂಡರೂ ಮೊದಲು ಓಡುವುದು ಮಿಷನ್ ಅಕ್ಕನ ಹತ್ತಿರ. ಮೂವತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯೇ ಅವಳ ರಿಪೇರಿ ಅಂಗಡಿ. ಕೈಯಲ್ಲಿ ಸ್ಕ್ರೂಡ್ರೈವರ್, ಬಾಯಲ್ಲಿ ಬೈಗುಳ. ದಾರ ಸಡಿಲ ಬಿಟ್ಟುಕೊಂಡು ಬಂದವರಿಗಂತೂ ಉಳಿಗಾಲವಿಲ್ಲ. ದಾರ ಬಿಗಿಯಾಗಿದ್ದರೆ ಯಂತ್ರವೂ ಬಗ್ಗುತ್ತದೆ, ಬಟ್ಟೆಯೂ ಬಗ್ಗುತ್ತದೆ ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದಳು.

ಇಂಥವಳು ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ಹಳೆಯ ಸಿನಿಮಾ ಪ್ರೊಜೆಕ್ಟರ್ ಹೊತ್ತು ತಂದದ್ದು ಅತ್ತೆಗೋಸ್ಕರ.

ಅತ್ತೆಗೆ ಎಪ್ಪತ್ತೆಂಟು. ಹದಿನಾರು ವರ್ಷದವರಿದ್ದಾಗ ಶಾಲೆಯ ಸೈಕಲ್ ಓಟದಲ್ಲಿ ಹನ್ನೊಂದು ಮಂದಿ ಹುಡುಗರನ್ನು ಹಿಂದೆ ಹಾಕಿ ಗೆದ್ದೆ ಎಂದು ಅವರು ಹೇಳುತ್ತಲೇ ಬಂದಿದ್ದರು, ಮನೆಯಲ್ಲಿ ಒಂದು ನರಪಿಳ್ಳೆಯೂ ನಂಬಿರಲಿಲ್ಲ. ಅದಕ್ಕೆ ಕಾರಣ ಅತ್ತೆಯ ತಮ್ಮ, ಮನೆಯವರೆಲ್ಲ ಮಾವ ಎಂದು ಕರೆಯುವವರು. ಪ್ರತಿ ಭಾನುವಾರ ಊಟಕ್ಕೆ ಬಂದವರೇ ಸೈಕಲ್ ಕಥೆ ಎತ್ತುವರು. ಅಕ್ಕತಮ್ಮ ಇಬ್ಬರೂ ಮನೆಯಿಂದ ದೂರ ಒಂದೇ ಶಾಲೆಯಲ್ಲಿ ಓದಿದವರು. ತಾನು ಓಟಕ್ಕೆ ಸೇರದೆ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದೆ, ಅಕ್ಕನ ಚೈನು ಕಳಚಿ ಅರ್ಧ ದಾರಿಯಲ್ಲೇ ಕೂತದ್ದನ್ನು ಕಣ್ಣಾರೆ ಕಂಡೆ ಎಂದು ಅವರು ಹೇಳಿದರೆ ಮೊಮ್ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವು. ಬೀದಿಗೆಲ್ಲ ಎದುರುತ್ತರ ಕೊಡುವ ಅತ್ತೆ ತಮ್ಮನ ಮುಂದೆ ಮಾತ್ರ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಸೊಸೆಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆ ಸುಳ್ಳು ಹೇಳುವವರಲ್ಲ ಎಂದು ಅವಳಿಗೆ ಗೊತ್ತು. ಆದರೆ ತೋರಿಸುವುದು ಹೇಗೆ?

ಹೀಗಿರುವಾಗ ಆ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಮಗಳು, ತೀರಿಹೋದ ತಂದೆಯ ಅಟ್ಟ ಖಾಲಿ ಮಾಡುತ್ತ ಸಿಕ್ಕಿದ ಒಂದು ತಗಡಿನ ಡಬ್ಬಿಯನ್ನು ತಂದುಕೊಟ್ಟಳು. ಒಳಗೆ ಕಿರುಬೆರಳಿಗಿಂತ ಸಪೂರವಾದ ಫಿಲ್ಮಿನ ಸುರುಳಿ. ಮುಚ್ಚಳದ ಮೇಲೆ ಮೇಷ್ಟ್ರ ಕೈಬರಹದಲ್ಲಿ 'ಸೈಕಲ್ ಓಟ' ಎಂದಿತ್ತು. ಫೋಟೋ ಸ್ಟುಡಿಯೋದವನು ನೋಡಿ, ಇದನ್ನು ಓಡಿಸುವ ಯಂತ್ರ ನಮ್ಮಲ್ಲಿಲ್ಲ ಎಂದು ಕೈಚೆಲ್ಲಿದ. ಇರುವೆ ತಿಂದದ್ದು, ಆಚೆ ಎಸೀರಿ ಎಂದರು ಮಾವ. ಅವರು ಹಾಗೆಂದದ್ದೇ ತಡ, ಓಡಿಸಿಯೇ ತೀರುತ್ತೇನೆ ಎಂದು ಮಿಷನ್ ಅಕ್ಕ ಹಟ ಹಿಡಿದಳು.

ಹಳೇ ಸಾಮಾನಿನ ಅಂಗಡಿಯವನು ಪ್ರೊಜೆಕ್ಟರನ್ನು ಶೋಕೇಸಿನಲ್ಲಿಡಲು ಚೆನ್ನಾಗಿರುತ್ತದೆ ಎಂದು ಹೊಗಳಿದ. ಅವಳು ಅದನ್ನು ಮಗುಚಿ, ಗುಂಡಿ ತಿರುಗಿಸಿ, ಹಲ್ಲಿನ ಚಕ್ರಗಳಿಗೆ ಕಿವಿಯಿಟ್ಟಳು. ಒಳಗೆಲ್ಲ ಕುತ್ತಿಗೆ ಹಿಡಿದುಕೊಂಡಂತೆ ಬಿಗಿದಿತ್ತು, ಮುರಿದದ್ದೇನೂ ಇರಲಿಲ್ಲ. ಜೊತೆಗೆ ಯಾರದೋ ಕೆರೆಯ ಬಾತುಕೋಳಿಗಳ ಒಂದು ರೀಲನ್ನೂ ಅವನು ಪುಕ್ಕಟೆ ಕೊಟ್ಟ.

ರಬ್ಬರ್ ಬೆಲ್ಟು ಡಾಂಬರಿನಂತೆ ಕರಗಿ ಅಂಟಿಕೊಂಡಿತ್ತು. ಕೆರೆದು ತೆಗೆದು, ಹೊಲಿಗೆ ಯಂತ್ರದ ಮೋಟರಿನದನ್ನೇ ಹಾಕಿದಳು. ಗಟ್ಟಿಯಾಗಿದ್ದ ಹಳೇ ಗ್ರೀಸು ಒರೆಸಿ ತೊಟ್ಟು ಎಣ್ಣೆ ಬಿಟ್ಟಳು. ಲೆನ್ಸಿನ ಹಿಂದೆ ಫಿಲ್ಮು ಹಾದುಹೋಗುವ ಸಂದಿಯನ್ನು ಹತ್ತಿಯಿಂದ ತೀಡಿದಳು. ದೀಪ ಹತ್ತಿತು, ಮೋಟರು ಗುರ್ರೆಂದಿತು. ಆಹಾ, ಆಮೇಲೆ ಅವಳನ್ನು ಹಿಡಿಯುವವರುಂಟೇ? ಬಾತುಕೋಳಿಯ ರೀಲು ಹಾಕಿ ನೋಡುವಷ್ಟೂ ಪುರುಸೊತ್ತಿಲ್ಲದೆ ಭಾನುವಾರ ಎಲ್ಲರನ್ನೂ ಕೂರಿಸಿ, ನೇರವಾಗಿ ಅತ್ತೆಯ ರೀಲನ್ನೇ ಏರಿಸಿದಳು. ದಾರ ಪೋಣಿಸುವ ಕೈ ತಾನೇ, ಎಲ್ಲೂ ಸಡಿಲವಿಲ್ಲದಂತೆ ಜಗ್ಗಿ ಕಟ್ಟಿದಳು.

ಟಪ್ ಎಂದು ಹರಿಯಿತು. ಹರಿದದ್ದು ಚಿತ್ರವಿಲ್ಲದ ಮೊದಲ ಗೇಣು ಮಾತ್ರ, ಪುಣ್ಯ. ಮಾವ ಚೈನು ಮತ್ತೆ ಕಳಚಿತು ನೋಡಿ ಎಂದು ತೊಡೆ ತಟ್ಟಿಕೊಂಡು ನಕ್ಕರು. ಅತ್ತೆ ಎದ್ದು ಬಂದು, ರೀಲು ಸುತ್ತಿ ಹಾಕಿದ ಡಬ್ಬಿಯನ್ನು ಸೊಸೆಯ ಕೈಯಿಂದ ತೆಗೆದುಕೊಂಡರು.

"ಸಾಕು ಬಿಡಮ್ಮ. ಹಾಗೇ ಇದ್ದರೆ ಒಳಗೆ ನನ್ನ ಓಟ ಇದೆ ಅಂತಾದರೂ ಅಂದ್ಕೋಬಹುದು. ಚೂರಾದರೆ ಅದೂ ಇಲ್ಲ."

ಮಿಷನ್ ಅಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮರುದಿನದಿಂದ ಬಾತುಕೋಳಿಗಳಿಗೆ ಗ್ರಹಚಾರ ಶುರುವಾಯಿತು. ದೀಪ ಆರಿಸಿ, ಗುಂಡಿಯನ್ನು ಕೈಯಿಂದಲೇ ತಿರುಗಿಸುತ್ತ ದಿನಗಟ್ಟಲೆ ನೋಡಿದಳು. ಹಲ್ಲಿನ ಚಕ್ರ ಫಿಲ್ಮನ್ನು ಎಲ್ಲೂ ನಿಲ್ಲದೆ ಎಳೆಯುತ್ತದೆ, ಲೆನ್ಸಿನ ಹಿಂದಿನ ಕೊಕ್ಕೆ ಒಂದೊಂದೇ ಚಿತ್ರ ಇಳಿಸಿ, ನಿಂತು, ಮತ್ತೆ ಇಳಿಸುತ್ತದೆ. ಒಬ್ಬರದು ಓಟ, ಒಬ್ಬರದು ತಡೆದು ತಡೆದು ನಡಿಗೆ. ಇಬ್ಬರ ನಡುವೆ ಫಿಲ್ಮನ್ನು ಮೇಲೊಂದು ಕಡೆ ಕೆಳಗೊಂದು ಕಡೆ ಬೆರಳು ತೂರುವಷ್ಟು ಸಡಿಲ ಬಿಡದಿದ್ದರೆ ಹರಿಯದೆ ಇನ್ನೇನಾದೀತು? ಅತ್ತೆ ಸೊಸೆ ಒಂದೇ ಅಡುಗೆಮನೆಯಲ್ಲಿ ಬಾಳಿದ್ದೂ ಹೀಗೆ ಸಡಿಲ ಬಿಟ್ಟುಕೊಂಡೇ, ತನ್ನ ಬುದ್ಧಿಗೆ ಮಂಕು ಕವಿದಿತ್ತು ಎಂದು ಹಣೆ ಚಚ್ಚಿಕೊಂಡಳು. ಬೆರಳಿಟ್ಟು ಅಳೆದು ಸಡಿಲ ಬಿಟ್ಟಳು. ಬಾತುಕೋಳಿಗಳು ಗೋಡೆಯ ಮೇಲೆ ಸುಸೂತ್ರವಾಗಿ ಈಜಿದವು.

ಮೂರು ವಾರದ ಮೇಲೆ ಅತ್ತೆಯ ಮುಂದೆ ಕೈಚಾಚಿ ಡಬ್ಬಿ ಕೇಳಿದಳು. ಹರಿದರೆ ಏನು ಮಾಡ್ತೀಯ ಎಂದರು ಅತ್ತೆ.

"ಹರಿಯಲ್ಲ ಅತ್ತೆ. ನೂರು ಸಲ ಬಾತುಕೋಳಿ ಓಡಿಸಿದೀನಿ. ದಡ ಹತ್ತುವಾಗ ಮೂರನೇದು ಕುಂಟುತ್ತೆ, ಅದೂ ಗೊತ್ತು ನನಗೆ."

ಅತ್ತೆ ನಕ್ಕುಬಿಟ್ಟರು. ಡಬ್ಬಿ ಕೈ ಬದಲಾಯಿತು.

ಮುಂದಿನ ಭಾನುವಾರ ಊಟವಾದ ಮೇಲೆ ಕಿಟಕಿಗಳಿಗೆ ಕಂಬಳಿ ಕಟ್ಟಿದರು. ಗೋಡೆ ಬೆಳಗಿತು. ಮೊದಲು ಒಂದಿಷ್ಟು ಗೀರು, ಆಮೇಲೆ ಧೂಳು, ಧೂಳಿನೊಳಗಿಂದ ಎರಡು ಜಡೆಯ ಹುಡುಗಿ! ಹಲ್ಲು ಕಚ್ಚಿ, ಲಂಗವನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡು, ಪೆಡಲಿನ ಮೇಲೆ ಎದ್ದು ನಿಂತೇ ತುಳಿಯುತ್ತ ಬಂದಳು. ಓಟದ ಕೊನೆಗೆ ಕಟ್ಟಿದ್ದ ಹಗ್ಗ ಅವಳ ಎದೆಗೆ ತಾಗಿ ಹಾರಿತು. ಮೊಮ್ಮಕ್ಕಳು ಹೋ ಎಂದು ಕಿರುಚುತ್ತ ಅಜ್ಜಿಯ ಮೇಲೆ ಬಿದ್ದವು. ಮಿಷನ್ ಅಕ್ಕ ಗೆದ್ದೆವು ಅತ್ತೆ, ಗೆದ್ದೆವು ಎನ್ನುತ್ತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದದ್ದು ಅವಳಿಗೇ ಗೊತ್ತಿರಲಿಲ್ಲ.

ರೀಲು ಇನ್ನೂ ಮುಗಿದಿರಲಿಲ್ಲ. ಹುಡುಗಿಯ ಹಿಂದೆಯೇ ಎರಡನೆಯವನಾಗಿ ಒಬ್ಬ ಸಣ್ಣ ಹುಡುಗ ಬಂದ. ಸೈಕಲನ್ನು ನೆಲಕ್ಕೆ ಎಸೆದು, ಅಂಗಿಯಲ್ಲಿ ಮುಖ ಮುಚ್ಚಿ ಅತ್ತ. ಹುಡುಗಿ ಓಡಿಬಂದು ಅವನ ತಲೆ ಸವರಿದಳು. ಅವನು ಮುಖವೆತ್ತಿದಾಗ ಆ ಅಗಲ ಕಿವಿಗಳನ್ನು ಗುರುತಿಸದವರು ಕೋಣೆಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಮಾವನ ಕಡೆ ತಿರುಗಿದರು.

"ನಾನು ಹೇಳಲಿಲ್ಲ ಕಣೋ," ಎಂದರು ಅತ್ತೆ. "ಹುಡುಗಿ ಹತ್ರ ಸೋತೆ ಅಂತ ಗೊತ್ತಾದ್ರೆ ಅಪ್ಪ ಚರ್ಮ ಸುಲೀತಾರೆ, ನಾನು ಓಟದಲ್ಲೇ ಇರಲಿಲ್ಲ ಅನ್ನು ಅಂತ ಅವತ್ತು ನೀನೇ ಅಂದೆ. ನಾನು ಮಾತು ಕೊಟ್ಟಿದ್ದೆ. ಇವತ್ತಿನವರೆಗೂ ಉಳಿಸ್ಕೊಂಡೆ."

ಮಾವ ಕುರ್ಚಿಯನ್ನು ಅಕ್ಕನ ಪಕ್ಕಕ್ಕೆ ಎಳೆದುಕೊಂಡು ಕೂತರು.

"ಇನ್ನೊಂದು ಸಲ ಹಾಕಮ್ಮ," ಎಂದರು ಮಿಷನ್ ಅಕ್ಕನಿಗೆ. "ಅಕ್ಕ ಗೆದ್ದದ್ದನ್ನ ನಾನು ಅವತ್ತು ನೋಡಲೇ ಇಲ್ಲ. ಕಣ್ಣು ತುಂಬ ನೀರಿತ್ತು."