ಲಿನ್ ಮನೆತನಕ್ಕೆ ಬಾರದ ಉತ್ತರ

ಲೂಗಾಂಗ್ ಪಟ್ಟಣದ ನಮ್ಮ ಓಣಿಯಲ್ಲಿ ಶಿ ಬೋತಿಂಗನಷ್ಟು ಮೌಸ್ ಕಂಡರಾಗದವನು ಇನ್ನೊಬ್ಬನಿಲ್ಲ. ಕೀಲಿಮಣೆಯಿಂದ ಕೈ ಎತ್ತಿ ಅದನ್ನು ಮುಟ್ಟುವುದೆಂದರೆ, ಉಣ್ಣುತ್ತಿದ್ದವನನ್ನು ಎಲೆಯ ಮುಂದಿನಿಂದ ಎಬ್ಬಿಸಿದ ಹಾಗೆ ಮುಖ ಮಾಡುತ್ತಾನೆ. ಪ್ರೋಗ್ರಾಂ ಬರೆಯುವವರ ಹಳೆಯ ಎಡಿಟರಿನಲ್ಲಿ ಎಲ್ಲವೂ ಗುಂಡಿಗಳಿಂದಲೇ ನಡೆಯುತ್ತದೆ. ಬ್ರೌಸರೂ ಹಾಗೆಯೇ ನಡೆಯಲೆಂದು ಅವನು ಅದಕ್ಕೆ ಅಂಟಿಸುವ ಒಂದು ಕಿರು ಪ್ರೋಗ್ರಾಂ, ಎಕ್ಸ್‌ಟೆನ್ಶನ್, ಮಾಡಿ, ವರ್ಷಗಳಿಂದ ಪುಕ್ಕಟೆಯಾಗಿ ಸಾಕುತ್ತಿದ್ದಾನೆ. ಜೆ ಒತ್ತಿದರೆ ಪುಟ ಕೆಳಗೆ ಜಾರುತ್ತದೆ, ಎಕ್ಸ್ ಒತ್ತಿದರೆ ಮುಚ್ಚಿಹೋಗುತ್ತದೆ. ಕಾಣದ ಊರುಗಳ ಜನ ಅದನ್ನು ಬಳಸುತ್ತಾರೆ, ಬೆಳಗಾದರೆ ದೂರು ಕಳಿಸುತ್ತಾರೆ. ಇವನು ಹಲ್ಲುಜ್ಜುತ್ತಲೇ ಸಮಾಧಾನ ಹೇಳುತ್ತಾನೆ.

ಅವನ ಅತ್ತೆ ಬೀಶ್ಯಾ ಹೆಸರುಬೇಳೆ ಹೂರಣದ ಕೇಕು ಮಾಡುವವಳು. ಶರತ್ಕಾಲದ ಹುಣ್ಣಿಮೆ ಹತ್ತಿರ ಬಂದರೆ ಅವಳ ಒಲೆ ಆರುವುದಿಲ್ಲ. ಈ ಸಲ ಆರ್ಡರುಗಳು ಕಂಪ್ಯೂಟರಿಗೇ ಬರಲೆಂದು ಬೋತಿಂಗ್ ಏರ್ಪಾಡು ಮಾಡಿದ. ತನ್ನ ಎಕ್ಸ್‌ಟೆನ್ಶನ್ನನ್ನೂ ಹಾಕಿಕೊಟ್ಟು, ಮೌಸನ್ನು ಕಿತ್ತುಕೊಂಡು ಹೋದ.

ನಾನು ಅವಳ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ದೇಗುಲ ಸಮಿತಿಯ ಹಿರಿಯ ಲಿನ್ ಬಂದರು. ಹಬ್ಬದ ಕೇಕನ್ನು ಸಮಿತಿ ಪ್ರತಿ ವರ್ಷ ಕೊಳ್ಳುವುದು ಇಲ್ಲಿಯೇ. ಆ ಆರ್ಡರು ತಪ್ಪಿದರೆ ಬೀಶ್ಯಾಳ ಹಬ್ಬವೇ ತಪ್ಪಿದಂತೆ.

“ಬೀಶ್ಯಾ, ನಮ್ಮ ಲಿನ್ ಮನೆತನ ನಿಂಗೇನು ಮಾಡ್ತವ್ವ? ಚೆನ್‌ಗೆ ಉತ್ತರ, ವಾಂಗ್‌ಗೆ ಉತ್ತರ. ನಾನೂ ಬರ್ದೆ, ನನ್ನ ತಮ್ಮನೂ ಬರ್ದ, ಒಂದು ಹ್ಞೂಂ ಇಲ್ಲ. ಸಂಜೆಯೊಳಗೆ ಹೇಳು, ಇಲ್ಲಾಂದ್ರೆ ಬಸ್ ನಿಲ್ದಾಣದ ಕೇಕಿನವನಿಗೆ ಆರ್ಡರ್ ಕೊಡ್ತೀನಿ.”

“ಕಳಿಸಿದ್ನಲ್ಲಣ್ಣ. ನನ್ನ ಕಣ್ಮುಂದೇನೇ ಹೋಯ್ತು.”

ಬೋತಿಂಗನನ್ನು ಕರೆಸಿದರು. ಬೀಶ್ಯಾ ಒಲೆಯ ಮೇಲೆ ಕಣ್ಣಿಟ್ಟುಕೊಂಡೇ ಲಿನ್ ಅವರಿಗೆ ಉತ್ತರ ಟೈಪು ಮಾಡಿದಳು. ಪುಟ ಮಾಯವಾಯಿತು.

“ನೋಡು, ಹೋಯ್ತು.”

ನಮ್ಮ ಕೀಲಿಮಣೆಯಲ್ಲಿ ಒಂದೊಂದು ಇಂಗ್ಲಿಷ್ ಗುಂಡಿಯ ಮೇಲೂ ನಮ್ಮದೊಂದು ಧ್ವನಿಯ ಗುರುತಿರುತ್ತದೆ. ಲಿನ್ ಅನ್ನುವುದರ ಮೊದಲ ಧ್ವನಿ ಕೂತಿರುವುದು ಎಕ್ಸ್ ಮೇಲೆ, ವಾಂಗ್‌ನದು ಜೆ ಮೇಲೆ. ಬೀಶ್ಯಾಳ ಉತ್ತರ ಶುರುವಾಗುವುದೇ ಗಿರಾಕಿಯ ಮನೆತನದ ಹೆಸರಿನಿಂದ. ಉತ್ತರ ಬರೆಯುವ ಚೌಕದೊಳಕ್ಕೆ ಹೋಗದಿದ್ದರೆ ಒತ್ತಿದ ಗುಂಡಿಯೆಲ್ಲ ಎಕ್ಸ್‌ಟೆನ್ಶನ್ನಿಗೆ ಅಪ್ಪಣೆಯೇ. ಹಾಗೆ ವಾಂಗ್ ಎಂದು ಬರೆಯಹೋದರೆ ಪುಟ ಜಾರುತ್ತಿತ್ತು, ಅವಳು ಎಚ್ಚೆತ್ತು ಹೇಗೋ ಸರಿಮಾಡಿಕೊಳ್ಳುತ್ತಿದ್ದಳು. ಲಿನ್ ಎಂದರೆ ಪುಟವೇ ಮುಚ್ಚುತ್ತಿತ್ತು. ಅವಳು ಅದನ್ನು ಉತ್ತರ ಹೊರಟುಹೋಯಿತೆಂದೇ ತಿಳಿದಿದ್ದಳು.

“ಅತ್ತೆ, ಮೊದ್ಲು ಚೌಕದೊಳಕ್ಕೆ ಹೋಗ್ಬೇಕು.”

“ಹೆಂಗೆ ಹೋಗ್ಲಪ್ಪ? ಮೌಸ್ ನೀನೇ ಹೊತ್ಕೊಂಡು ಹೋದೆ.”

“ಜಿ ಒತ್ತಿ, ಆಮೇಲೆ ಐ ಒತ್ತು.”

“ಗಿರಾಕಿ ಮುಂದೆ ಬಾಯಿ ತೆಗೆಯೋಕೆ ಮುಂಚೆ ಎರಡು ಸಲ ಕೆಮ್ಮಬೇಕಾ ನಾನು? ಆ ಎಕ್ಸ್‌ನ ಬದಲಾಯ್ಸು.”

“ಅದನ್ನ ಮುಟ್ಟಿದ್ರೆ ಲೋಕದ ಜನವೆಲ್ಲ ನನ್ನ ಹುರಿದು ಮುಕ್ತಾರೆ ಅತ್ತೆ.”

“ಲೋಕದ ಜನ ನನ್ನ ಕೇಕ್ ತಿಂತಾರಾ? ಲಿನ್ ಅಣ್ಣ ತಿಂತಾರೆ.”

ಲಿನ್ ಮೀಸೆಯಡಿಯಲ್ಲೇ ನಕ್ಕರು. ಬೋತಿಂಗ್ ತಲೆ ತಗ್ಗಿಸಿಕೊಂಡು ಹೋದ. ಇಳಿಹೊತ್ತಿಗೆ ಎಕ್ಸನ್ನು ಎರಡು ಸಲ ಒತ್ತಿದರೆ ಮಾತ್ರ ಪುಟ ಮುಚ್ಚುವಂತೆ ಮಾಡಿ, ಅದನ್ನು ಜಗತ್ತಿಗೆಲ್ಲ ಕಳಿಸಿಕೊಟ್ಟ. ಆಮೇಲೆ ಮೌಸನ್ನು ಅಂಗಿಯಲ್ಲಿ ಒರೆಸಿ, ಸತ್ತ ಹೆಗ್ಗಣ ಹಿಡಿದವನ ಹಾಗೆ ಎರಡು ಬೆರಳಲ್ಲಿ ತಂದು ಅತ್ತೆಯ ಮುಂದಿಟ್ಟ.

ಸಂಜೆ ಮತ್ತೆ ಬಂದ ಲಿನ್ ಬೀಶ್ಯಾಳ ಬೆನ್ನ ಹಿಂದೆ ನಿಂತು ಬರೆಸಿದರು. ಅವರ ಮನೆತನದ ಹೆಸರು ಪರದೆಯ ಮೇಲೆ ಮೂಡಿತು, ಅಲ್ಲೇ ನಿಂತಿತು. “ಈಗ ಸರಿ. ಹೋದ ವರ್ಷದಷ್ಟೇ ಹಾಕು,” ಎಂದು ಒಂದು ಬಿಸಿ ಕೇಕನ್ನು ಬಾಯಿಗೆ ಹಾಕಿಕೊಂಡು ಹೊರಟರು.

ಮರುದಿನ ಬೆಳಿಗ್ಗೆ ದೂರುಗಳ ಸುರಿಮಳೆ. ಒಬ್ಬನಂತೂ, ಇಷ್ಟು ವರ್ಷ ಪಳಗಿದ ನನ್ನ ಬೆರಳು ಕೆಡಿಸಿದೆ, ಇದನ್ನು ಕೇಳಿದವರು ಯಾರು ಎಂದು ಹರಿಹಾಯ್ದಿದ್ದ.

ಬೋತಿಂಗ್ ಕೇಕು ಜಗಿಯುತ್ತ ಉತ್ತರ ಬರೆದ: “ನನ್ನ ಅತ್ತೆ.”

ದೂರಿದವನು ಮತ್ತೆ ಬರೆಯಲಿಲ್ಲ. ಅವನಿಗೂ ಒಬ್ಬಳು ಅತ್ತೆ ಇರಬೇಕು.