ಸೂರಿನ ಲೋಟದ ಸಾಕ್ಷಿ

ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ನಮ್ಮ ಮನೆ ಪೆರೇಸಂದ್ರದ ಆಚೆ, ಒಂದು ಹಳ್ಳಿಯ ಹೊರಗಿನ ಕೇರಿಯಲ್ಲಿತ್ತು. ಊರಿನವರು ನಮ್ಮ ಜನರನ್ನು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಅಕ್ಕನಿಗೆ ಟೀಚರ್ ಟ್ರೈನಿಂಗ್ ಸೇರುವ ಆಸೆ. ನಾವು ಇಂಥ ಜಾತಿಯವರೆಂದು ಸರ್ಕಾರದ ಸರ್ಟಿಫಿಕೇಟ್ ತಂದರೆ ಮಾತ್ರ ಸೀಟು, ಇಲ್ಲದಿದ್ದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಕಚೇರಿಯ ಸಾಹೇಬರು ವಿಚಾರಣೆಗೆ ಬರುತ್ತಾರೆಂದು ತಿಳಿದದ್ದೇ ತಡ, ಅಮ್ಮ ಗೋಡೆಗೆ ಸುಣ್ಣ ಬಳಿದಳು, ಸಗಣಿ ಸಾರಿಸಿ ರಂಗೋಲಿ ಬಿಟ್ಟಳು. ಮನೆಯೆಲ್ಲ ಹಸಿ ಸುಣ್ಣದ ವಾಸನೆ. ಅಕ್ಕ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ಕನಕಾಂಬರ ಮುಡಿದಳು. ಆ ಅಚ್ಚುಕಟ್ಟೇ ನಮಗೆ ಮುಳುವಾಯಿತು. ಸಾಹೇಬರು ಮನೆ ನೋಡಿದರು, ಅಕ್ಕನನ್ನು ನೋಡಿದರು. ನೀವು ಆ ಜನರ ಹಾಗೆ ಕಾಣುವುದಿಲ್ಲ, ಸೀಟಿಗಾಗಿ ಸುಳ್ಳು ಬರೆಸುವವರು ಬೇಕಾದಷ್ಟು ಜನ ಇದ್ದಾರೆ ಎಂದು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಅಂಗೈ ಹುಣ್ಣಿಗೆ ಕನ್ನಡಿ ಕೇಳಿದ ಹಾಗಾಯಿತು. ಅಪ್ಪ ಕೈ ಮುಗಿದುಕೊಂಡು ನಿಂತೇ ಇದ್ದ.

ಅಕ್ಕ ಅಳಲಿಲ್ಲ, ಬೇಡಲೂ ಇಲ್ಲ.

"ಊರೊಳಗಿರೋ ಹೋಟ್ಲುಗಂಟ ಬನ್ನಿ ಸಾರ್. ನಾವು ಯಾರು ಅಂತ ಅಲ್ಲಿ ಬಾಯ್ಬಿಟ್ಟು ಹೇಳೋದೇ ಬೇಕಾಗಲ್ಲ."

ಸಾಹೇಬರು ಬಂದರು, ನಾನೂ ಹಿಂದೆಯೇ ಓಡಿದೆ. ಹೋಟೆಲಿನ ತುಂಬ ಕಾಫಿಯ ಘಮ. ಅಕ್ಕ ಹೊರಗೇ ನಿಂತು, ಸಾಹೇಬರಿಗೊಂದು ತನಗೊಂದು ಕಾಫಿ ಕೇಳಿದಳು. ಹೋಟೆಲಿನವನು ಸಾಹೇಬರನ್ನು ಒಳಗೆ ಬೆಂಚಿನ ಮೇಲೆ ಕೂರಿಸಿ, ಥಳಥಳಿಸುವ ಹಿತ್ತಾಳೆ ಲೋಟದಲ್ಲಿ ಕೊಟ್ಟ. ಆಮೇಲೆ ಅಕ್ಕನಿಗೆ ಸೂರಿನಲ್ಲಿ ಸಿಕ್ಕಿಸಿದ್ದ ತಗಡಿನ ಲೋಟ ತೋರಿಸಿದ. ಅವಳೇ ಅದನ್ನು ತೆಗೆದು, ತೊಳೆದು ಹಿಡಿದಾಗ ಎತ್ತರದಿಂದ ಕಾಫಿ ಸುರಿದ. ಅಕ್ಕ ಅದನ್ನು ಬಾಯಿಗಿಡಲಿಲ್ಲ.

"ಈಗ ಬರ್ಕೊಳ್ಳಿ ಸಾರ್," ಎಂದಳು.

ಸಾಹೇಬರು ತಮ್ಮ ಕಾಫಿಯನ್ನು ಹಾಗೇ ಬಿಟ್ಟು ಪೆನ್ನು ತೆಗೆದರು. ಎಂಥ ಗಟ್ಟಿಗಿತ್ತಿ ನನ್ನ ಅಕ್ಕ! ಮುಂದೆ ಶಿಡ್ಲಘಟ್ಟದ ಕಡೆಯ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಅಕ್ಷರ ಕಲಿಸಿದಳೋ, ಲೆಕ್ಕವಿಲ್ಲ.

ಈಗ ನೋಡಿ ಮಕ್ಕಳೇ, ನಿಮ್ಮ ಸರ್ಟಿಫಿಕೇಟ್ ಮೊಬೈಲಿಗೇ ಬಂತು. ನೀವು ಯಾವ ಹೋಟೆಲಿಗಾದರೂ ನುಗ್ಗಿ, ಎಲ್ಲರ ನಡುವೆ ಕೂತು ಮಸಾಲೆ ದೋಸೆ ತಿನ್ನುತ್ತೀರಿ. ಅದನ್ನು ನೋಡಿದರೇ ನನ್ನ ಹೊಟ್ಟೆ ತುಂಬುತ್ತದೆ. ಆದರೂ ಮೊನ್ನೆ ಚಿಂತಾಮಣಿಯಲ್ಲಿ ನೀವೆಲ್ಲ ಬಾಡಿಗೆ ಮನೆ ನೋಡಲು ಹೋದಾಗ, ಮನೆ ಮಾಲೀಕರು ಬೀಗ ತೆಗೆಯುವ ಮೊದಲೇ ನೀವು ಏನು ಜನ ಎಂದು ಕೇಳಿದರಂತೆ. ನಿಮ್ಮಮ್ಮ ಮುಚ್ಚಿಡದೆ ಹೇಳಿದಳು. ಆ ಮನೆ ಸಿಗಲಿಲ್ಲ.

ಆದರೆ ಪುಟ್ಟಿ, ನೀನು ಸುಮ್ಮನೆ ಬರಲಿಲ್ಲವಂತೆ. "ನೀವೇನು ಜನ ಅಂಕಲ್?" ಎಂದು ತಿರುಗಿ ಕೇಳಿದೆಯಂತೆ. ಅಷ್ಟು ಗಟ್ಟಿಗಿತ್ತಿ ನನ್ನ ಅಕ್ಕ, ಅವಳಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ ಕಣಮ್ಮ.