ಬಲಭುಜದ ಹೂವು

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಗಂಗಾಧರಪ್ಪನವರ ಹೆಂಡತಿ ಶಿವಗಂಗಮ್ಮನಿಗೆ ದೊಡ್ಡ ದೇವಸ್ಥಾನಗಳೆಂದರೆ ಅಷ್ಟಕ್ಕಷ್ಟೆ. ನೆಂಟರನ್ನು ಹಳೇಬೀಡಿಗೆ ಕರೆದುಕೊಂಡು ಹೋದರೂ ಚಪ್ಪಲಿ ಕಾಯುತ್ತಾ ಹೊರಗೇ ಕೂರುವ ಹೆಂಗಸು. "ಅಲ್ಲಿ ಫೋಟೋ ತೆಗೆಯೋರೇ ಜಾಸ್ತಿ, ಕೈ ಮುಗಿಯೋರು ಯಾರವ್ರೆ?" ಎನ್ನುವುದು ಆಕೆಯ ವಾದ. ಆಕೆಯ ದೇವರುಗಳೆಲ್ಲ ಊರಿನ ಗದ್ದಲದ ನಡುವೆ ಹೇಗೋ ಜಾಗ ಮಾಡಿಕೊಂಡು ಕೂತವರು: ರೈಲ್ವೆ ಗೇಟಿನ ಪಕ್ಕದ ನಾಗರಕಲ್ಲು, ಬೀದಿ ಮೂಲೆಯ ಗಣಪ, ಬಸ್ ಸ್ಟ್ಯಾಂಡಿನ ಹಿಂದೆ ಪಂಕ್ಚರ್ ಅಂಗಡಿಗೂ ಮೊಬೈಲ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಚೌಡಮ್ಮ. ಬೆಳಗ್ಗೆ ಇವರನ್ನೆಲ್ಲ ಒಂದು ಸುತ್ತು ಮಾತಾಡಿಸಿಕೊಂಡು ಬಾರದೆ ಆಕೆಗೆ ಕಾಫಿ ಗಂಟಲಲ್ಲಿ ಇಳಿಯದು.

ಈಚೆಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಲಿತಿದೆ, ಇನ್ನು ತಡಮಾಡಬೇಡಿ ಎಂದಿದ್ದರು ಡಾಕ್ಟರು. ಸೊಸೆ ಅರುಣಾ ಹೇಳಿ ಹೇಳಿ ಸಾಕಾಗಿದ್ದಳು. ಶಿವಗಂಗಮ್ಮ ಹಬ್ಬ ಎಂದಳು, ಬಿಸಿಲು ಎಂದಳು, ಮಂಡಿನೋವು ಎಂದಳು. ನಿಜವಾಗಿ ಆಕೆಗಿದ್ದದ್ದು ಭಯ. ಕಣ್ಣು ಕೊಯ್ಯಿಸಿಕೊಂಡು ಇರುವಷ್ಟು ಬೆಳಕೂ ಹೋದರೆ?

ಕಡೆಗೆ ಆಕೆಯೇ ಕರಾರು ಹಾಕಿದಳು. "ಚೌಡಮ್ಮನ್ನ ಹೂವು ಕೇಳ್ತೀನಿ. ಬಲಗಡೇದು ಬಿದ್ರೆ ಆಪರೇಷನ್‌ಗೆ ಬತ್ತೀನಿ. ಎಡಗಡೇದು ಬಿದ್ರೆ ಇನ್ನು ಆ ಮಾತೇ ಎತ್ತಬಾರ್ದು."

"ಆಗ್ಲಿ ಅತ್ತೆ, ನೀವು ಹೇಳ್ದಂಗೇ," ಎಂದು ಅರುಣಾ ಎದೆ ಗಟ್ಟಿಮಾಡಿಕೊಂಡು ಒಪ್ಪಿದಳು.

ಮಂಗಳವಾರ ಇಬ್ಬರೂ ಹೋದರು. ಗುಡಿಯ ಬೀಗದಕೈ ಇಟ್ಟುಕೊಂಡು ದೀಪ ಹಚ್ಚುವ ಸುವರ್ಣಮ್ಮ, ಅಮ್ಮನವರ ಎರಡು ಭುಜಕ್ಕೂ ಒದ್ದೆ ಸೇವಂತಿಗೆ ಎಸಳು ಅಂಟಿಸಿ ಪಕ್ಕಕ್ಕೆ ಸರಿದಳು. ಹೊರಗೆ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಒಳಗೆ ಮೂವರೂ ಎಸಳುಗಳನ್ನೇ ನೋಡುತ್ತಾ ಕೂತರು.

ಸ್ವಲ್ಪ ಹೊತ್ತಿಗೆ ಶಿವಗಂಗಮ್ಮ ದಿಗ್ಗನೆ ಎದ್ದಳು. "ಬಿತ್ತು! ಎಡಗಡೇದು! ನೋಡ್ದೇನೇ ಅರುಣಾ? ಬ್ಯಾಡ ಅಂದ್ಳು ತಾಯಿ!"

ಅರುಣಾ ಅಮ್ಮನವರನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಸುವರ್ಣಮ್ಮನ ಕಡೆ ತಿರುಗಿದಳು. ಸುವರ್ಣಮ್ಮನೇ ಹೇಳಿದಳು: "ಏನೂ ಬಿದ್ದಿಲ್ಲ ಶಿವಗಂಗಕ್ಕ. ಎರಡೂ ಇದ್ದಂಗೇ ಅವೆ."

"ಸುಮ್ನಿರೇ, ನಾನೇ ಕಣ್ಣಾರೆ ಕಂಡೆ!"

ಸುವರ್ಣಮ್ಮ ಆಕೆಯ ಕೈ ಹಿಡಿದು ಅಮ್ಮನವರ ಎಡಭುಜಕ್ಕೆ ಮೆಲ್ಲಗೆ ತಾಗಿಸಿದಳು. ತಣ್ಣನೆಯ ಎಸಳು ಬೆರಳಿಗೆ ಸಿಕ್ಕಿತು. ಬಲಭುಜದ್ದೂ ಸಿಕ್ಕಿತು.

ಶಿವಗಂಗಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ಈಗ ಆದ ದಿಗಿಲಿನ ಮುಂದೆ ಆಪರೇಷನ್ನಿನ ದಿಗಿಲು ಏನೇನೂ ಅಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದಳು. ಅರಿಶಿನದ ಮುದ್ದೆಯೊಂದು ಕಂಡಿತು, ಅಷ್ಟೇ.

"ತಾಯಿ ಮುಖಾನೇ ಕಾಣ್ತಿಲ್ಲ ಕಣೇ ಅರುಣಾ," ಎಂದಳು. "ಎಷ್ಟು ದಿನದಿಂದ ಹಿಂಗೇ ಕೈ ಮುಗೀತಿದ್ನೋ."

ಮತ್ತೆ ಹೂವು ಕೇಳಲಿಲ್ಲ. ಹೊರಗೆ ಬಂದು, ಸೊಸೆಯ ತೋಳು ಹಿಡಿದುಕೊಂಡು, "ಡಾಕ್ಟ್ರಿಗೆ ಫೋನ್ ಮಾಡು," ಎಂದಳು.